ಬೀಳೋದು ಕಲಿಯೋಕೆ ಬೆಂಗಳೂರಿಗೆ

ಚಿತ್ತೆ ಮಳೆ ಎರಡು ಸಲ ಚೆನ್ನಾಗಿ ಹುಯ್ತು. ನಮ್ಮ ಕಡೆ ರಾಗಿ ತೆನೆ ಕಟ್ತಾ ಇದೆ, ಹೊಲಕ್ಕೆ ಕಾಲಿಡೋ ಹಂಗಿಲ್ಲ, ಬರೀ ಕೆಸರು. ತೆಂಗಿಗೆ ಬೇವಿನ ಹಿಂಡಿ ಹಾಕಿದ ಲೆಕ್ಕ ಬರೀತೀನಿ ಅಂತ ಹೋದ ಸಲ ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಈ ಸಲ ಬೇರೆ ವಿಷಯ.

ನನ್ನ ಮಗಳು ಅವಳ ಫೋನಿನಿಂದ ಒಂದು ಫೋಟೋ ಹಾಕಿದ್ದಳು. ಬಿಳಿ ಅಂಗಿ, ಬಿಳಿ ಪ್ಯಾಂಟು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನಾನು ಚಾಪೆ ಮೇಲೆ ಮಂಡಿಯೂರಿ ಕೂತಿರೋದು. ಅದು ಹೆಂಗೋ ನಮ್ಮೂರಿನ ಗುಂಪಿಗೆ ಬಂದುಬಿಟ್ಟಿದೆ. ಡೇರಿ ಹತ್ರ ಹಾಲು ಹಾಕೋಕೆ ಹೋದ್ರೆ ಒಬ್ಬ 'ಏನ್ ಗೌಡ್ರೆ, ಕರಾಟೆ ಕಲೀತಿದ್ದೀರಂತೆ, ಯಾರಿಗೆ ಹೊಡೆಯೋಕೆ?' ಅಂದ. ಇನ್ನೊಬ್ಬ 'ಬದು ಒತ್ತುವರಿ ಮಾಡಿದೋರಿಗಾ?' ಅಂದ. ಎಲ್ಲ ನಕ್ಕರು, ನಾನೂ ನಕ್ಕೆ. ಆದರೆ ನಾಲ್ಕೈದು ಜನ ಆಮೇಲೆ ಪ್ರತ್ಯೇಕವಾಗಿ ಫೋನ್ ಮಾಡಿ, ನಿಜ ಏನು, ನಮ್ಮ ವಯಸ್ಸಿನೋರು ಮಾಡಬಹುದಾ ಅಂತ ಕೇಳಿದ್ರು. ಒಬ್ಬೊಬ್ಬರಿಗೂ ಹೇಳೋ ಬದಲು ಇಲ್ಲೇ ಬರೀತಿದ್ದೀನಿ.

ಅದು ಕರಾಟೆ ಅಲ್ಲ, ಐಕಿಡೊ. ಜಪಾನಿನದು. ಐ ಅಂದ್ರೆ ಕೂಡೋದು, ಹೊಂದೋದು. ಕಿ ಅಂದ್ರೆ ಉಸಿರು, ಶಕ್ತಿ. ಡೊ ಅಂದ್ರೆ ದಾರಿ. ಕಿ ಅಂದ್ರೆ ನಮ್ಮ ಪ್ರಾಣನೇ ಅಂತ ಕ್ಲಾಸಿನಲ್ಲಿ ಒಬ್ಬರು ದೊಡ್ಡ ವ್ಯಾಖ್ಯಾನ ಕೊಡ್ತಾರೆ. ನನಗೆ ಉಸಿರು ಅಂದ್ರೆ ಸಾಕು, ಅದು ಗೊತ್ತಾಗುತ್ತೆ. ಇದರಲ್ಲಿ ಗುದ್ದೋದು, ಒದೆಯೋದು ಮುಖ್ಯ ಅಲ್ಲ. ಬಂದವನ ರಭಸವನ್ನ ಹಿಡಿದು ತಿರುಗಿಸಿ, ಅವನನ್ನ ನೆಲಕ್ಕೆ ತರೋದು, ಇಲ್ಲಾ ಮಣಿಕಟ್ಟು ಮೊಣಕೈ ಹಿಡಿದು ಅಲ್ಲಾಡದ ಹಾಗೆ ಕೂರಿಸೋದು. ಹೆಚ್ಚಿನ ಕಡೆ ಪಂದ್ಯ ಅನ್ನೋದೇ ಇಲ್ಲ. ಗೆದ್ದ, ಸೋತ ಅನ್ನೋ ಮಾತಿಲ್ಲ. ಒಂದು ಸಲ ನಾನು ಬೀಳಿಸಿದ್ರೆ ಮುಂದಿನ ಸಲ ಅವನು ನನ್ನ ಬೀಳಿಸ್ತಾನೆ. ಬದಲಿ ಆಳಿನ ಥರ.

ಮಗಳು ಬೆಂಗಳೂರಲ್ಲಿ ಕೆಲಸಕ್ಕಿದ್ದಾಳೆ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಬರಬೇಕು ಅಂತ ಅದನ್ನ ಕಲಿಯೋಕೆ ಸೇರಿದ್ದಳು. ಮೂರು ವರ್ಷದ ಹಿಂದೆ ಅವಳಿಗೆ ಹುರುಳಿಕಾಳು, ರಾಗಿಹಿಟ್ಟು ಕೊಡೋಕೆ ಅಂತ ಹೋದೋನು ಜೊತೆಗೆ ಹೋಗಿ ಮೂಲೆಯಲ್ಲಿ ಕೂತು ನೋಡ್ತಿದ್ದೆ. ಗುರುಗಳು, ನನಗಿಂತ ಚಿಕ್ಕೋರು, ಹತ್ರ ಬಂದು 'ಯಜಮಾನ್ರೆ, ಸುಮ್ನೆ ಯಾಕೆ ಕೂತಿದ್ದೀರಿ, ಬನ್ನಿ' ಅಂದ್ರು. ನಾನು ಪಂಚೆಯಲ್ಲಿದ್ದೆ, ಅವತ್ತು ಹೋಗಲಿಲ್ಲ. ಮುಂದಿನ ಸಲ ಪ್ಯಾಂಟು ಹಾಕ್ಕೊಂಡು ಹೋದೆ.

ಅವಾಗಿಂದ ತಿಂಗಳಿಗೆ ಎರಡು ಭಾನುವಾರ. ಶನಿವಾರ ಸಂಜೆ ಹಾಲು ಕರೆದು ಡೇರಿಗೆ ಹಾಕಿ, ಗುಬ್ಬಿಯಲ್ಲಿ ರೈಲು ಹತ್ತೋದು. ರಾತ್ರಿ ಮಗಳ ಮನೆ. ಬೆಳಿಗ್ಗೆ ಕ್ಲಾಸು. ಮಧ್ಯಾಹ್ನ ಊಟ ಮಾಡಿ ವಾಪಸ್. ಒಂದು ಹೊತ್ತಿನ ಹಾಲು ನಮ್ಮ ಮನೆಯೋರ ತಲೆ ಮೇಲೆ ಬೀಳುತ್ತೆ, ಅವರ ಋಣ ಅದು. ನಾಟಿ, ಒಕ್ಕಣೆ ಇದ್ದ ತಿಂಗಳು ಹೋಗಲ್ಲ. ಮೂರು ವರ್ಷಕ್ಕೆ ಐದನೇ ಕ್ಯೂ ಅನ್ನೋ ಒಂದೇ ಒಂದು ಪರೀಕ್ಷೆ ಪಾಸಾಗಿದ್ದೀನಿ. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಕೂತ ಪರೀಕ್ಷೆ ಅದೊಂದೇ. ಐದನೇದು ಅಂದ್ರೆ ಮೇಲಿಂದ ಐದಲ್ಲ, ಕೆಳಗಿನಿಂದ ಶುರು. ಅಲ್ಲಿ ಅಂಕಿ ಇಳಿದಷ್ಟೂ ದೊಡ್ಡೋರು.

ನಾನು ಸೇರಿದ್ದು ಹೊಡೆದಾಟಕ್ಕಲ್ಲ. ಅವತ್ತು ಮೂಲೆಯಲ್ಲಿ ಕೂತು ನೋಡಿದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೀಳಿಸೋರಲ್ಲ, ಬೀಳೋರು. ಧೊಪ್ಪನೆ ಬೀಳ್ತಾರೆ, ಚೆಂಡಿನ ಥರ ಉರುಳಿ ಎದ್ದು ನಿಲ್ತಾರೆ. ಅದನ್ನ ನೋಡ್ತಾ ನೋಡ್ತಾ ನಮ್ಮಪ್ಪ ನೆನಪಾದ್ರು. ನಮ್ಮಪ್ಪ ಎಪ್ಪತ್ತೊಂದನೇ ವಯಸ್ಸಲ್ಲಿ ಕೊಟ್ಟಿಗೆಯಲ್ಲಿ ಗಂಜಲ ಹರಿದ ಚಪ್ಪಡಿ ಮೇಲೆ ಜಾರಿದ್ರು. ಮರ ಹತ್ತಿ ಬಿದ್ದದ್ದಲ್ಲ, ನಿಂತ ನೆಲದಲ್ಲೇ. ಬೀಳುವಾಗ ಕೈ ಊರೋಕೆ ಹೋಗಿ ಮಣಿಕಟ್ಟು ಮುರೀತು, ಸೊಂಟದ ಮೂಳೆನೂ ಮುರೀತು. ಎಂಟು ತಿಂಗಳು ಹಾಸಿಗೆಯಲ್ಲಿದ್ದು ಹೋದ್ರು. ನಲವತ್ತು ವರ್ಷ ತೆಂಗಿನ ಮರ ಹತ್ತಿ ಇಳಿದ ಮನುಷ್ಯ.

ನಿಮ್ಮ ಊರಲ್ಲೂ ಎಣಿಸಿ ನೋಡಿ. ಕೊಬ್ಬರಿ ಅಟ್ಟದ ಏಣಿಯಿಂದ ಬಿದ್ದೋರು ಎಷ್ಟು, ತೊಟ್ಟಿ ಹತ್ರ ಪಾಚಿ ಮೇಲೆ ಜಾರಿದೋರು ಎಷ್ಟು, ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ಬರುವಾಗ ಮುಗ್ಗರಿಸಿದೋರು ಎಷ್ಟು. ಹಾವು ಕಚ್ಚಿದ್ದಕ್ಕೆ, ಕರೆಂಟು ಹೊಡೆದಿದ್ದಕ್ಕೆ ನಾವು ಹೆದರ್ತೀವಿ. ಬೀಳೋದಕ್ಕೆ ಹೆದರಲ್ಲ. ಹೆದರಿದ್ರೂ ಏನ್ ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

ಐಕಿಡೊದಲ್ಲಿ ಮೊದಲು ಕಲಿಸೋದೇ ಅದು. ಅದಕ್ಕೆ ಉಕೆಮಿ ಅಂತಾರೆ. ಹಿಂದಕ್ಕೆ ಬೀಳೋದು ಹೀಗೆ: ಗದ್ದ ಎದೆಗೆ ಒತ್ತಿಕೊಂಡು ಕಣ್ಣು ಸೊಂಟದ ಪಟ್ಟಿಯ ಗಂಟನ್ನ ನೋಡ್ತಿರಬೇಕು. ಆಗ ತಲೆ ಹಿಂದಕ್ಕೆ ಹೋಗಿ ನೆಲಕ್ಕೆ ಬಡಿಯಲ್ಲ. ಒಂದು ಕಾಲು ಮಡಚಿ ಒಳಗೆ ತಗೊಂಡು, ಎಷ್ಟು ಆಗುತ್ತೋ ಅಷ್ಟು ಕೆಳಗೆ ಕೂತು, ಆಮೇಲೆ ಕುಂಡಿ, ಸೊಂಟ, ಬೆನ್ನು ಅಂತ ಗುಂಡಗೆ ಉರುಳಬೇಕು. ನಿಂತ ಎತ್ತರದಿಂದ ಬೀಳೋದಕ್ಕೂ ಕೂತು ಬೀಳೋದಕ್ಕೂ ವ್ಯತ್ಯಾಸ ಮೂಟೆ ಇಳಿಸಿದೋರಿಗೆ ಹೇಳಬೇಕಾಗಿಲ್ಲ. ಮುಖ್ಯವಾದದ್ದು, ಕೈಯನ್ನ ಹಿಂದಕ್ಕೆ ಊರುಗೋಲಿನ ಥರ ನೆಟ್ಟಗೆ ಚಾಚಬಾರದು. ಚಾಚಿದ್ರೆ ಮೈ ಭಾರವೆಲ್ಲ ಮಣಿಕಟ್ಟಿನ ಮೇಲೆ. ಮುಂದಕ್ಕೆ ಉರುಳುವಾಗ ಕಿರುಬೆರಳಿನ ಅಂಚಿಂದ ಶುರುವಾಗಿ ತೋಳು, ಭುಜ, ಆಮೇಲೆ ಬೆನ್ನಿನ ಮೇಲೆ ಓರೆಯಾಗಿ ಹಾದು ಆ ಕಡೆ ಸೊಂಟಕ್ಕೆ ಬರಬೇಕು. ಕತ್ತಿನ ಮೇಲೆ, ನಡುಬೆನ್ನಿನ ಮೇಲೆ ಬರಬಾರದು. ಇದು ಓದಿ ಬರೋದಲ್ಲ. ನನಗೆ ಮುಂದಕ್ಕೆ ಉರುಳೋದು ಬರೋಕೆ ಒಂದು ವರ್ಷ ಹಿಡೀತು, ಈಗಲೂ ಎಡಗಡೆ ಸರಿ ಬರಲ್ಲ, ಗಾಡಿ ಚಕ್ರಕ್ಕೆ ಪಟ್ಟಾ ಸಡಿಲ ಆದಂಗೆ ಕುಲುಕುತ್ತೆ.

ಹೋದ ಆಷಾಢದಲ್ಲಿ ನೀರಿನ ತೊಟ್ಟಿ ಹತ್ರ ಕೊಡ ಹಿಡಿದುಕೊಂಡು ಜಾರಿದೆ. ಕೊಡ ಬಿಟ್ಟೆ, ಗದ್ದ ಎದೆಗೆ ಬಂತು, ಕೂತು ಉರುಳಿದೆ. ಕುಂಡಿಗೆ ನೀಲಿ ಕಟ್ಟಿತ್ತು ಒಂದು ವಾರ. ಅಷ್ಟೇ. ಕೊಡ ಮಾತ್ರ ಸೊಟ್ಟ ಆಯ್ತು.

ಈಗ ಇದನ್ನ ಕಟ್ಟಿದ ಮನುಷ್ಯನ ಬಗ್ಗೆ ಹೇಳಬೇಕು, ಯಾಕಂದ್ರೆ ಆಯಪ್ಪ ಬೇಸಾಯಗಾರ. ನನಗೆ ಇದರ ಮೇಲೆ ಮನಸ್ಸು ನಿಂತದ್ದು ಅದು ಗೊತ್ತಾದ ಮೇಲೆ. ಹೆಸರು ಮೊರಿಹೆಯ್ ಉಯೆಶಿಬಾ. ಹುಟ್ಟಿದ್ದು 1883, ವಕಾಯಾಮಾ ಸೀಮೆಯ ತನಾಬೆ ಅನ್ನೋ ಊರಲ್ಲಿ. ಅಪ್ಪನಿಗೆ ಜಮೀನಿತ್ತು. ಹುಡುಗ ಕುಳ್ಳ, ಚಿಕ್ಕಂದಿನಲ್ಲಿ ಬಡಕಲು. 1912ರಲ್ಲಿ, ಮೂವತ್ತು ತುಂಬೋ ಮುಂಚೆನೇ, ತನ್ನ ಊರಿನ ಐವತ್ತಕ್ಕೂ ಹೆಚ್ಚು ಮನೆಯೋರನ್ನ ಕರ್ಕೊಂಡು ಹೊಕ್ಕೈಡೊಗೆ ಹೊರಟ. ಅದು ಜಪಾನಿನ ಉತ್ತರದ ದ್ವೀಪ, ಹಿಮ ಬೀಳೋ ಜಾಗ. ಸರ್ಕಾರ ಅಲ್ಲಿ ಹೊಸದಾಗಿ ಸಾಗುವಳಿ ಮಾಡೋರಿಗೆ ಜಾಗ ಕೊಡ್ತಿತ್ತು. ಶಿರತಾಕಿ ಅನ್ನೋ ಕಡೆ ಕಾಡು ಕಡಿದು, ಬೊಡ್ಡೆ ಕಿತ್ತು ಹೊಲ ಮಾಡಿದ್ರು. ಮೊದಲ ವರ್ಷಗಳಲ್ಲಿ ಚಳಿಗೆ ಬೆಳೆ ಕೈಗೆ ಬರಲಿಲ್ಲ. 1917ರಲ್ಲಿ ಊರಿಗೇ ಬೆಂಕಿ ಬಿತ್ತು. ಮತ್ತೆ ಕಟ್ಟಿದ್ರು. ನಮ್ಮಲ್ಲಿ ಕಾಡು ಕಡಿದು ಹೊಲ ಮಾಡಿದೋರ ಮಕ್ಕಳು, ಮೊಮ್ಮಕ್ಕಳಿಗೆ ಇದು ಬಿಡಿಸಿ ಹೇಳಬೇಕಾ?

ಆ ಹೊಕ್ಕೈಡೊದಲ್ಲೇ 1915ರಲ್ಲಿ ಸೊಕಾಕು ತಕೇಡಾ ಅನ್ನೋ ಗುರು ಸಿಕ್ಕಿದ್ದು. ಆಯಪ್ಪ ಕಲಿಸ್ತಿದ್ದದ್ದು ದೈತೊ-ರ್ಯು, ಹಳೇ ಕಾಲದ ಯೋಧರ ಕೈಪಟ್ಟು, ಬಲು ಬಿರುಸು. ಉಯೆಶಿಬಾ ಅದನ್ನ ಪಟ್ಟು ಹಿಡಿದು ಕಲಿತ. 1919ರ ಕೊನೆಗೆ ಅಪ್ಪನಿಗೆ ಕಾಯಿಲೆ ಅಂತ ಸುದ್ದಿ ಬಂದು ಎಲ್ಲ ಬಿಟ್ಟು ಹೊರಟ. ದಾರಿಯಲ್ಲಿ ಅಯಾಬೆ ಅನ್ನೋ ಊರಿನ ಒಮೊಟೊ ಪಂಥದ ಒನಿಸಾಬುರೊ ದೆಗುಚಿ ಹತ್ರ ಅಪ್ಪನಿಗಾಗಿ ಪ್ರಾರ್ಥನೆ ಮಾಡಿಸೋಕೆ ಹೋದ. ಊರು ಸೇರೋ ಹೊತ್ತಿಗೆ ಅಪ್ಪ ಇರಲಿಲ್ಲ. ಆಮೇಲೆ ಅಯಾಬೆಯಲ್ಲೇ ಮನೆ ಮಾಡಿ, ಹೊಲ ಮಾಡ್ತಾ, ಧ್ಯಾನ ಮಾಡ್ತಾ, ಪಟ್ಟು ಕಲಿಸ್ತಾ ಇದ್ದ. ಗೆಲ್ಲೋ ವಿದ್ಯೆ ನಿಧಾನಕ್ಕೆ ಬೇರೆ ಏನೋ ಆಗ್ತಾ ಹೋದದ್ದು ಅಲ್ಲಿಂದ ಅಂತಾರೆ.

ಆಮೇಲೆ ಟೋಕಿಯೊ, ದೊಡ್ಡ ಹೆಸರು, ಸೈನ್ಯದ ಅಧಿಕಾರಿಗಳೆಲ್ಲ ಶಿಷ್ಯರು. ಅದನ್ನ ಬಿಡ್ತೀನಿ. 1942ರಲ್ಲಿ, ಯುದ್ಧ ಜೋರಾಗಿ ನಡೀತಿರುವಾಗಲೇ, ಆ ಮನುಷ್ಯ ಟೋಕಿಯೊ ಬಿಟ್ಟು ಇಬಾರಾಕಿ ಸೀಮೆಯ ಇವಾಮಾ ಅನ್ನೋ ಹಳ್ಳಿಗೆ ಹೆಂಡತಿ ಜೊತೆ ಬಂದ. ಆಗ ಹತ್ತಿರ ಹತ್ತಿರ ಅರವತ್ತು ವಯಸ್ಸು. ಸಣ್ಣ ಮನೆ, ಒಂದು ಗುಡಿ, ಅಭ್ಯಾಸಕ್ಕೊಂದು ಜಾಗ, ಸುತ್ತ ಹೊಲ. ಐಕಿಡೊ ಅನ್ನೋ ಹೆಸರು ಗಟ್ಟಿಯಾದದ್ದೂ ಅದೇ ವರ್ಷ. ಯುದ್ಧ ಸೋತ ಮೇಲೆ ಅಮೆರಿಕದೋರ ಆಡಳಿತದಲ್ಲಿ ಇಂಥ ವಿದ್ಯೆಗಳಿಗೆಲ್ಲ ನಿರ್ಬಂಧ ಬಂತು. ಇವರು ಹಳ್ಳಿಯಲ್ಲಿ ಬೆಳೆ ಬೆಳೀತಾ, ಬಂದ ಕೆಲವೇ ಹುಡುಗರಿಗೆ ಹೇಳಿಕೊಡ್ತಾ ಇದ್ರು. 1946ರಲ್ಲಿ ಮೊರಿಹಿರೊ ಸೈತೊ ಅನ್ನೋ ಹದಿನೆಂಟು ವರ್ಷದ ರೈಲ್ವೆ ನೌಕರ ಬಂದು ಸೇರಿದ. ಪಾಳಿ ಮುಗಿಸಿ ಬಂದು ಹೊಲದ ಕೆಲಸ ಮಾಡೋದು, ಆಮೇಲೆ ಅಭ್ಯಾಸ. ಉಯೆಶಿಬಾ 1969ರಲ್ಲಿ ಎಂಬತ್ತೈದನೇ ವಯಸ್ಸಲ್ಲಿ ತೀರಿಕೊಂಡ ಮೇಲೂ ಆ ಸೈತೊ 2002ರಲ್ಲಿ ತಾನು ಸಾಯೋವರೆಗೆ ಅದೇ ಹಳ್ಳಿಯಲ್ಲಿ ಗುಡಿ ನೋಡಿಕೊಂಡು ಕಲಿಸ್ತಾ ಇದ್ದ.

ಅವರದ್ದೊಂದು ಮಾತಿದೆ, ಬು-ನೋ ಇಚಿನ್ಯೊ. ಬು ಅಂದ್ರೆ ಯುದ್ಧವಿದ್ಯೆ, ನೋ ಅಂದ್ರೆ ಬೇಸಾಯ, ಎರಡೂ ಒಂದೇ ಅಂತ. ಬೇಸಾಯಕ್ಕೆ 'ನೋ' ಅನ್ನೋ ಪದ ಇರೋದು ಕೇಳಿ ಮಗಳು ನಕ್ಕಿದ್ದಳು, ಈಗಿನ ಹುಡುಗರೆಲ್ಲ ಅದನ್ನೇ ತಾನೇ ಹೇಳೋದು ಅಂತ.

ಈ ಮಾತು ಬಾಯುಪಚಾರದ್ದಲ್ಲ ಅಂತ ನನಗೆ ಗೊತ್ತಾದದ್ದು ಮರದ ಕತ್ತಿ ಹಿಡಿದಾಗ. ಕತ್ತಿಯನ್ನ ತಲೆ ಮೇಲೆತ್ತಿ ಕೆಳಕ್ಕೆ ಇಳಿಸೋ ಅಭ್ಯಾಸ ಇದೆ, ಸುಬುರಿ ಅಂತಾರೆ. ಐಟಿ ಕಂಪನಿ ಹುಡುಗರು ಐವತ್ತು ಸಲಕ್ಕೆ ಭುಜ ಹಿಡ್ಕೊಂಡು ನಿಂತ್ರು. ನಾನು ಇನ್ನೂರಕ್ಕೂ ನಿಲ್ಲಲಿಲ್ಲ. ಗುರುಗಳು ಬಂದು ನೋಡಿ 'ಎಲ್ಲಿ ಕಲಿತಿರಿ?' ಅಂದ್ರು. ಗುದ್ದಲಿ ಸ್ವಾಮಿ, ಗುದ್ದಲಿ. ಹೊಸಬ ಗುದ್ದಲೀನ ತೋಳಿಂದ ಹೊಡೀತಾನೆ, ಹತ್ತು ನಿಮಿಷಕ್ಕೆ ಸುಸ್ತು. ಹಳಬ ಗುದ್ದಲೀನ ಎತ್ತುತ್ತಾನೆ ಅಷ್ಟೇ, ಬೀಳೋದು ಅದರ ಭಾರಕ್ಕೆ ಅದೇ ಬೀಳುತ್ತೆ, ಸೊಂಟ ಜೊತೆಗೆ ಇಳಿಯುತ್ತೆ, ಉಸಿರು ಬಿಡೋದೂ ಆಗಲೇ. ಇದಕ್ಕೆ ಅಲ್ಲಿ ದುಡ್ಡು ಕೊಟ್ಟು ಕಲೀತಾರೆ. ನಮ್ಮ ಸೋಲಿಗರಲ್ಲ, ಸಾಹೇಬರಲ್ಲ, ಯಾವ ಕೂಲಿ ಆಳಿಗಾದ್ರೂ ಇದು ಬರುತ್ತೆ, ಆದರೆ ತನಗೆ ಬರುತ್ತೆ ಅಂತ ಅವನಿಗೆ ಗೊತ್ತಿಲ್ಲ.

ಇನ್ನೊಂದು, ದನ ಸಾಕಿದೋರಿಗೆ ಬೇಗ ಅರ್ಥ ಆಗೋದು. ಐಕಿಡೊದಲ್ಲಿ ಎರಡು ಹೆಜ್ಜೆ ಮುಖ್ಯ. ಇರಿಮಿ ಅಂದ್ರೆ ಒಳಕ್ಕೆ ಹೋಗೋದು, ತೆಂಕಾನ್ ಅಂದ್ರೆ ತಿರುಗೋದು. ಒದೆಯೋ ಹಸು ಹಾಲು ಕರೆಯುವಾಗ ಹೆದರಿ ಒಂದು ಮಾರು ದೂರ ಕೂತ್ರೆ ಪೂರ್ತಿ ಒದೆ ಬೀಳುತ್ತೆ. ತೊಡೆಗೆ ಭುಜ ಆನಿಸಿ ಹತ್ತಿರ ಕೂತ್ರೆ ಒದೆಗೆ ಬಿರುಸೇ ಇರಲ್ಲ. ಅದು ಇರಿಮಿ. ಎತ್ತು ಹಗ್ಗ ಕಿತ್ತುಕೊಂಡು ಓಡುವಾಗ ಎದುರು ನಿಂತು ಎಳೆದ್ರೆ ನಮ್ಮ ಅಂಗೈ ಸುಲೀತದೆ, ಎತ್ತು ನಿಲ್ಲಲ್ಲ. ಅದರ ಜೊತೆಗೇ ನಾಲ್ಕು ಹೆಜ್ಜೆ ಓಡಿ, ಪಕ್ಕಕ್ಕೆ ಸರಿದು, ಕತ್ತು ತಿರುಗಿಸಿದ್ರೆ ಅದು ಸುತ್ತು ಹೊಡೆದು ತಾನೇ ನಿಲ್ಲುತ್ತೆ. ಅದು ತೆಂಕಾನ್. ನಾನು ಕ್ಲಾಸಿನಲ್ಲಿ ಇದನ್ನ ಹೇಳಿದಾಗ ಎಲ್ಲ ಬಾಯಿ ಬಿಟ್ಟು ಕೇಳಿದ್ರು. ಅವರಿಗೆ ಎತ್ತು ಎಲ್ಲಿ ಸಿಗಬೇಕು.

ಬೇಕಾದ್ರೆ ನೀವು ಮನೆಯಲ್ಲೇ ಒಂದು ನೋಡಬಹುದು. ಕೈ ಮುಂದಕ್ಕೆ ಚಾಚಿ, ಮೊಣಕೈ ಸ್ವಲ್ಪವೇ ಸಡಿಲ ಇರಲಿ. ಮಗನಿಗೆ ಹೇಳಿ, ನಿಧಾನಕ್ಕೆ ಮೊಣಕೈ ಮಡಚಲಿ. ಮುಷ್ಟಿ ಬಿಗಿದು ತಡೆದ್ರೆ ಕಷ್ಟಪಟ್ಟು ಮಡಚ್ತಾನೆ. ಈಗ ಬೆರಳು ಬಿಚ್ಚಿ, ಭುಜ ಇಳಿಸಿ, ತೋಳಿನ ಒಳಗಿಂದ ನೀರು ಹರಿದು ಬೆರಳ ತುದಿಯಿಂದ ಎದುರಿನ ಗೋಡೆಗೆ ಚಿಮ್ಮುತ್ತಿದೆ ಅಂದುಕೊಳ್ಳಿ. ಮಡಚೋದು ಅವನಿಗೆ ಇನ್ನೂ ಕಷ್ಟ ಆಗುತ್ತೆ. ಸುತ್ತಿಟ್ಟ ಪ್ಲಾಸ್ಟಿಕ್ ಪೈಪು ಹೆಂಗೆ ಬೇಕಾದ್ರೂ ಮಡಚುತ್ತೆ, ಮೋಟಾರು ಆನ್ ಮಾಡಿದ ಮೇಲೆ ಮಡಚಿ ನೋಡೋಣ. ಕೊಯಿಚಿ ತೊಹೆಯ್ ಅನ್ನೋ ಉಯೆಶಿಬಾ ಶಿಷ್ಯ ಇದನ್ನ ಊರೂರಿಗೆ ತೋರಿಸಿದ್ದು. ಇದರಲ್ಲಿ ಮಾಯ ಮಂತ್ರ ಏನಿಲ್ಲ, ಬೇಡದ ಕಡೆ ಬಿಗಿ ಹಿಡಿಯೋದು ನಿಂತ್ರೆ ಬೇಕಾದ ಕಡೆ ಬಲ ಬರುತ್ತೆ ಅಂತ ನನ್ನ ಲೆಕ್ಕ.

ಈಗ ಮನಸ್ಸಿನ ವಿಷಯ. ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಬರೀತೀನಿ, ಊರಿಗೆ ಗೊತ್ತಿರೋದೇ.

ನನಗೂ ನನ್ನ ತಮ್ಮನಿಗೂ ಭಾಗ ಆಗಿ ಹನ್ನೊಂದು ವರ್ಷ. ಜಮೀನು ಅಳೆದು ಹಂಚಿದ್ರು, ಬೋರು ಮಾತ್ರ ಒಂದೇ. ದಿನ ಬಿಟ್ಟು ದಿನ ಸರದಿ. ಮಳೆಗಾಲದಲ್ಲಿ ಯಾರಿಗೂ ಸರದಿ ನೆನಪಿರಲ್ಲ, ಬೇಸಿಗೆಯಲ್ಲಿ ನಿಮಿಷ ನಿಮಿಷವೂ ನೆನಪಿರುತ್ತೆ. ಹೋದ ಯುಗಾದಿ ಆದ ಮೇಲೆ ಮೂರು ದಿನ ತ್ರೀಫೇಸ್ ಕರೆಂಟು ಸರಿಯಾಗಿ ಬರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ಬಂತು. ಲೆಕ್ಕದ ಪ್ರಕಾರ ಅವತ್ತು ನನ್ನ ಸರದಿ. ಅವನ ಲೆಕ್ಕದಲ್ಲಿ, ಕರೆಂಟಿಲ್ಲದ ದಿನ ಸರದಿಯೇ ಅಲ್ಲ, ಹಂಗಾಗಿ ಅವನದ್ದು. ನಾನು ಸ್ಟಾರ್ಟರ್ ಬಾಕ್ಸ್ ಬಾಗಿಲು ತೆಗೀತಿದ್ದೆ. ಹಿಂದಿನಿಂದ ಕೂಗ್ತಾ ಬಂದು ಅಂಗಿಯ ಎದೆಭಾಗ ಹಿಡಿದ. ನನಗಿಂತ ಆರು ವರ್ಷ ಚಿಕ್ಕವ, ಎತ್ತಿ ಆಡಿಸಿದ ಹುಡುಗ.

ಏನಾಯ್ತು ಅಂತ ಹೇಳ್ತೀನಿ, ಸಿನಿಮಾ ಥರ ಏನಿಲ್ಲ. ಹಿಡಿದವನ ಕೈ ಬಿಡಿಸೋಕೆ ಹೋಗಲಿಲ್ಲ. ಉಸಿರು ಬಿಟ್ಟೆ. ಅವನು ತಳ್ಳಿದ ಕಡೆಗೇ ಎಡಗಾಲು ಹೊರಳಿ ಮೈ ತಿರುಗಿತು. ಅವನ ಹಿಂದೆ ಮೋಟಾರು ಮನೆ ಕಟ್ಟೆಯ ಚೂಪು ಮೂಲೆ ಇತ್ತು, ಬಿದ್ರೆ ತಲೆ ಅದಕ್ಕೇ. ನನ್ನ ಒಂದು ಕೈ ಅವನ ಬೆನ್ನಿಗೆ ಹೋಯ್ತು, ಬೀಳದ ಹಾಗೆ. ಐಕಿಡೊದಲ್ಲಿ ನಿಮ್ಮ ಮೇಲೆ ಬಂದವನಿಗೆ ಪೆಟ್ಟಾಗದ ಹಾಗೆ ನೋಡಿಕೊಳ್ಳೋದು ನಿಮ್ಮ ಜವಾಬ್ದಾರಿ. ಮೂರು ವರ್ಷ ಅದನ್ನೇ ಮಾಡಿ ಮಾಡಿ ಕೈಗೆ ರೂಢಿ ಆಗಿತ್ತು.

ತೆಂಕಾನ್ ಹೆಜ್ಜೆಯ ಕೊನೆಗೆ ಏನಾಗುತ್ತೆ ಅಂದ್ರೆ, ಎದುರು ಬದುರು ಇದ್ದೋರು ಅಕ್ಕಪಕ್ಕ ಆಗ್ತೀರಿ. ಅವನು ಯಾವ ಕಡೆ ನೋಡ್ತಿದ್ದಾನೋ ನೀವೂ ಆ ಕಡೆನೇ ನೋಡ್ತೀರಿ. ಕ್ಲಾಸಿನಲ್ಲಿ ಆ ಕಡೆ ಇರೋದು ಬಿಳಿ ಗೋಡೆ, ಒಂದು ಗಡಿಯಾರ. ಅವತ್ತು ಇದ್ದದ್ದು ಅವನ ಅರ್ಧ ಎಕರೆ ಟೊಮೆಟೊ. ಹೂವು ಬಿಟ್ಟ ಗಿಡ, ಬೆಳಿಗ್ಗೆ ಆರು ಗಂಟೆಗೇ ಎಲೆ ಜೋತು ಬಿದ್ದಿತ್ತು. ಮಧ್ಯಾಹ್ನ ಬಾಡಿದ್ರೆ ಬಿಸಿಲಿಗೆ ಅನ್ನಬಹುದು, ಬೆಳಿಗ್ಗೆ ಬಾಡಿದ್ರೆ ಬೇರಲ್ಲಿ ನೀರಿಲ್ಲ ಅಂತ. ನನ್ನದು ತೆಂಗು, ಒಂದು ದಿನ ತಡೆದುಕೊಳ್ಳುತ್ತೆ.

'ನಿಂದು ಮೊದಲು ಬಿಡು, ಹತ್ತು ಗಂಟೆಗೆ ನಾನು ತಿರುಗಿಸ್ಕೋತೀನಿ' ಅಂದೆ. ಅವನು ಏನೂ ಅನ್ನಲಿಲ್ಲ. ಅಂಗಿ ಬಿಟ್ಟ. ಹೋಗಿ ವಾಲ್ವ್ ತಿರುಗಿಸಿದ. ಹತ್ತಕ್ಕೆ ಐದು ನಿಮಿಷ ಇರುವಾಗ ಅವನ ಮಗ ಬಂದು 'ದೊಡ್ಡಪ್ಪ, ಅಪ್ಪ ವಾಲ್ವ್ ಬದಲಾಯಿಸಿದ್ರು, ಹೇಳು ಅಂದ್ರು' ಅಂತ ಹೇಳಿ ಹೋದ.

ಅಣ್ಣ ತಮ್ಮ ಒಂದಾದ್ರು ಅಂತ ತಿಳ್ಕೋಬೇಡಿ. ಈಗಲೂ ಅವನು ನಮ್ಮ ಮನೆ ಊಟಕ್ಕೆ ಬರಲ್ಲ. ಆದರೆ ಬೇಸಿಗೆ ಮುಗಿಯೋವರೆಗೂ ಯಾರೂ ಯಾರ ಅಂಗಿನೂ ಹಿಡಿಯಲಿಲ್ಲ, ಮತ್ತೆ ಕರೆಂಟಿಲ್ಲದ ದಿನದ ಲೆಕ್ಕ ಹೇಗೆ ಅನ್ನೋದನ್ನ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸ್ಟಾರ್ಟರ್ ಬಾಕ್ಸಿನೊಳಗೆ ಇಟ್ಟಿದ್ದೀವಿ. ಬರೆದದ್ದು ಅವನೇ, ಅವನ ಅಕ್ಷರ ದುಂಡಗಿದೆ.

ಆಧ್ಯಾತ್ಮ ಅಂತಾರಲ್ಲ, ಅದರ ಬಗ್ಗೆ ನಾನು ಹೆಚ್ಚು ಹೇಳೋನಲ್ಲ. ಕ್ಲಾಸಿನ ಶುರುವಿಗೆ ಉಯೆಶಿಬಾ ಫೋಟೋಗೆ ಬಗ್ಗಿ ನಮಸ್ಕಾರ ಮಾಡ್ತೀವಿ. ಆಯುಧಪೂಜೆಗೆ ನೇಗಿಲಿಗೆ, ಟ್ರ್ಯಾಕ್ಟರಿಗೆ ಕೈ ಮುಗಿಯೋ ನನಗೆ ಅದು ಕಷ್ಟ ಆಗಲಿಲ್ಲ. ನನಗೆ ಹಿಡಿಸಿದ್ದು ಬೇರೆ. ಪ್ರತಿ ಸಲ ಜೊತೆಗಾರ ಬದಲಾದಾಗ ಮಂಡಿಯೂರಿ 'ಒನೆಗಾಯಿ ಶಿಮಾಸು' ಅನ್ನಬೇಕು. ದಯವಿಟ್ಟು ಅಂತ, ನಿಮ್ಮಿಂದ ಕಲೀತೀನಿ ಅನ್ನೋ ಅರ್ಥದಲ್ಲಿ. ಇಪ್ಪತ್ತು ವರ್ಷದ ಹುಡುಗಿಗೂ ನಾನು ಹೇಳಬೇಕು, ಆಕೆಯೂ ನನಗೆ ಹೇಳಬೇಕು. ಐವತ್ತು ದಾಟಿದ ಮೇಲೆ ಹಳ್ಳಿಯಲ್ಲಿ ನಾವು ಯಾರಿಗೂ ದಯವಿಟ್ಟು ಅನ್ನಲ್ಲ, ನೀವೇ ಯೋಚನೆ ಮಾಡಿ.

ಕೇಳಿದೋರಿಗೆ ಕೆಲವು ನೇರ ಮಾತು. ಮಂಡಿ ಸವೆದಿರೋರು, ಡಿಸ್ಕ್ ತೊಂದರೆ, ಬಿಪಿ, ತಲೆಸುತ್ತು ಇರೋರು ಡಾಕ್ಟರನ್ನ ಕೇಳದೆ ಉರುಳೋಕೆ ಹೋಗಬೇಡಿ. ಮಂಡಿಯೂರಿ ಕೂರೋದೇ ನನಗೆ ಮೊದಲ ಆರು ತಿಂಗಳು ನರಕ, ಈಗಲೂ ದಿಂಬು ಇಟ್ಕೋತೀನಿ, ಯಾರೂ ಬೈಯಲ್ಲ. ವಿಡಿಯೋ ನೋಡಿ ಒಬ್ಬರೇ ಮುಂದಕ್ಕೆ ಉರುಳಬೇಡಿ, ಕತ್ತು ಉಳುಕುತ್ತೆ. ಮಚ್ಚು ಹಿಡಿದವನ ಎದುರು ಇದು ನಡೆಯುತ್ತಾ ಅಂತ ಒಬ್ಬರು ಕೇಳಿದ್ರು. ನನ್ನ ಮಟ್ಟಿಗೆ, ಓಡೋದು ನಡೆಯುತ್ತೆ. ನಮ್ಮ ಗುರುಗಳೂ ಅದನ್ನೇ ಹೇಳಿದ್ದು.

ಹಿಂದಕ್ಕೆ ಬೀಳೋದು, ಅದೂ ಕೂತಲ್ಲಿಂದ ಬೀಳೋದು ಮಾತ್ರ ನಾನು ತೋರಿಸಬಲ್ಲೆ. ಗುರುಗಳ ಹತ್ರ ಕೇಳಿದೆ, ಅಷ್ಟು ಹೇಳಿಕೊಡಿ, ಹೆಚ್ಚು ಬೇಡ ಅಂದ್ರು. ರಾಗಿ ಒಕ್ಕಣೆ ಆದಮೇಲೆ ನಮ್ಮ ಕಣದಲ್ಲಿ ಹುಲ್ಲು ಹರಡಿ ಮೇಲೆ ಟಾರ್ಪಾಲು ಹಾಕ್ತೀನಿ. ಬರೋರು ಹಿಂದಿನ ದಿನ ಫೋನ್ ಮಾಡಿ. ಪಂಚೆ ಬೇಡ, ಪ್ಯಾಂಟು ಇಲ್ಲಾ ಚಡ್ಡಿ. ಹೆಂಗಸರು ಬರೋದಾದ್ರೆ ಮಗಳು ಬರೋ ಭಾನುವಾರ ಇಟ್ಕೊಳ್ಳೋಣ. ತಮ್ಮನ ಮಗ ಈಗಲೇ ಹೆಸರು ಕೊಟ್ಟಿದ್ದಾನೆ.